ಅಂತರಪಟದ ಮೇಲೆ ಹಾರಿದ ಚೆಂಡು

ನಾನು ಬೆಳೆದದ್ದು ಬೇರೆಯವರ ಮದುವೆಗಳ ನಡುವೆ. ರಾಜಾಜಿನಗರದ ಒಂದು ಕಲ್ಯಾಣ ಮಂಟಪದ ಹಿಂಬದಿಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಗೂ ಉಗ್ರಾಣಕ್ಕೂ ನಡುವೆ, ಶೀಟು ಹೊದಿಸಿದ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಅಷ್ಟೇ ನಮ್ಮ ಮನೆ. ಬೋರ್ಡಿನ ಮೇಲೆ ಕಲ್ಯಾಣ ಮಂಟಪ ಅಂತ ಬರೆದಿದ್ದರೂ ಬಾಯಲ್ಲಿ ಎಲ್ಲರಿಗೂ ಅದು ಛತ್ರ. ನಮ್ಮಪ್ಪ ಹನುಮಂತಯ್ಯ ಆ ಛತ್ರ ನೋಡಿಕೊಳ್ಳುತ್ತಿದ್ದ. ಬಾಗಿಲು ತೆಗೆಯುವುದು, ಟ್ಯಾಂಕಿಗೆ ನೀರು ಏರಿಸುವುದು, ಅಡುಗೆಯವರಿಗೆ ಕೊಳಗ ಕೊಪ್ಪರಿಗೆ ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳುವುದು, ಬೀಗರು ಜಗಳಕ್ಕೆ ನಿಂತಾಗ ಮಧ್ಯೆ ಹೋಗಿ ಎರಡೂ ಕಡೆಯಿಂದ ಬೈಸಿಕೊಳ್ಳುವುದು, ಎಲ್ಲ ಅವನದೇ. ಕೆಲಸ ಇರುವ ತನಕ ಮನೆ. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಛತ್ರದ ಯಜಮಾನರಾದ ಸಾಹುಕಾರರ ಕಾರು ಗೇಟಿನೊಳಗೆ ಬಂದಾಗ ಅಮ್ಮ ಅರ್ಧದಲ್ಲೇ ಮಾತು ನಿಲ್ಲಿಸುತ್ತಿದ್ದಳಲ್ಲ, ಅದರಿಂದ ತಿಳಿದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಸೋಮವಾರ ಮಂಗಳವಾರ ಅನ್ನುವುದಕ್ಕೆ ಅರ್ಥವಿರಲಿಲ್ಲ. ಮುಹೂರ್ತ ಇರುವ ದಿನ, ಇಲ್ಲದ ದಿನ, ಎರಡೇ. ಇರುವ ದಿನ ಬೆಳಕು ಹರಿಯುವ ಮುಂಚೆಯೇ ವಾಲಗದವರು ಶ್ರುತಿ ಸರಿಮಾಡಿಕೊಳ್ಳುವ ಸದ್ದಿಗೆ ಎಚ್ಚರವಾಗುತ್ತಿತ್ತು. ಗೋಡೆಯ ಆಚೆ ನೂರಾರು ಜನಕ್ಕೆ ಉಪ್ಪಿಟ್ಟು, ಕೇಸರಿಬಾತು ಬೇಯುತ್ತಿರುತ್ತಿತ್ತು. ಈಚೆ ಅಮ್ಮ ಸೀಮೆಎಣ್ಣೆ ಸ್ಟೌ ಪಂಪು ಹೊಡೆದು ಮುದ್ದೆಗೆ ಎಸರು ಇಡುತ್ತಿದ್ದಳು. ಛತ್ರದ ಊಟ ನಮ್ಮ ಹೊಸಿಲು ದಾಟಬಾರದು ಅನ್ನುವುದು ಅವಳ ಕಾನೂನು. ಒಂದು ಸಲ ಅಪ್ಪ ಮಿಕ್ಕ ಪಾಯಸವನ್ನು ಸ್ಟೀಲ್ ಬಕೆಟ್ಟಿನಲ್ಲಿ ತಂದಿಟ್ಟ. ಏಲಕ್ಕಿ ಘಮ ಕೋಣೆ ತುಂಬಿತು. ನಾನು ಲೋಟ ಹುಡುಕುತ್ತಿದ್ದೆ.

"ಚೆಲ್ಲೋ ಬದ್ಲು ಮಗೀಗೆ ಆಗ್ಲಿ ಬಿಡೇ," ಅಂದ ಅಪ್ಪ.

"ಇವತ್ತು ತಿನ್ಲಿ. ನಾಳೆಯಿಂದ ಗೋಡೆ ಕಡೆ ಮೂಗು ಚಾಚ್ಕೊಂಡು ಕೂತ್ಕೊಳ್ಲಿ. ಕರೆದ್ರೆ ಹೋಗಿ ಉಣ್ಣೋದು ಬ್ಯಾರೆ, ಮಿಕ್ಕಿದ್ದಕ್ಕೆ ಕಾಯೋದು ಬ್ಯಾರೆ."

"ಮಹಾರಾಣಿ ಹಂಗೆ ಆಡ್ಬ್ಯಾಡ. ಸಾಹುಕಾರ್ರ ಮನೆಯೋರೇ ಅದನ್ನ ತಿಂದವ್ರೆ."

"ಅವರು ಮೊದ್ಲ ಪಂಕ್ತೀಲಿ ತಿಂದವ್ರೆ," ಅಂದಳು ಅಮ್ಮ. ಬಕೆಟ್ಟು ಕಸ ಗುಡಿಸುವ ಹೆಂಗಸರ ಪಾಲಾಯಿತು. ನಾನು ಅತ್ತುಕೊಂಡು ಹುರುಳಿ ಬಸ್ಸಾರಿನಲ್ಲಿ ಮುದ್ದೆ ನುಂಗಿದೆ. ಅಮ್ಮನಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಅಪ್ಪ ನಾಲ್ಕನೇ ಕ್ಲಾಸು. ಆ ಇಬ್ಬರ ಮಗಳು ಬಿ.ಕಾಂ. ಮಾಡಿದಳು, ಬ್ಯಾಂಕಿನಲ್ಲಿ ಕೂತಳು, ರಾಜ್ಯ ತಂಡದ ಬನಿಯನ್ ತೊಟ್ಟು ಟೇಬಲ್ ಟೆನ್ನಿಸ್ ಆಡಿದಳು, ಆಟದಿಂದಲೇ ಅನ್ನ ತಿಂದಳು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಮೊದಲ ಪಂಕ್ತಿ ಅಂದರೆ ಏನು ಅಂತ ಗೊತ್ತಿದ್ದ ತಾಯಿ ಇದ್ದಳು, ಅದರಿಂದ ಆಯಿತು.

ಆಟ ನಮ್ಮ ಮನೆಗೆ ಬಂದದ್ದು ಮದುವೆ ಫೋಟೋ ತೆಗೆಯುವ ಶ್ರೀಧರಣ್ಣನ ಜೊತೆ. ನಮ್ಮ ಛತ್ರದಿಂದ ನಾಲ್ಕು ಅಂಗಡಿ ಆಚೆ ಅವನ ಸ್ಟುಡಿಯೋ. ಕಾಲೇಜಿನಲ್ಲಿ ಟೇಬಲ್ ಟೆನ್ನಿಸ್ ಆಡಿ ಕಪ್ಪು ತಗೊಂಡಿದ್ದವನು. ವರಪೂಜೆಗೂ ಊಟಕ್ಕೂ ಮಧ್ಯೆ ಕೆಲಸವಿಲ್ಲದಾಗ ಜೇಬಿನಿಂದ ಒಂದು ಬಿಳಿ ಬಾಲು ತೆಗೆದು ಊಟದ ಹಾಲ್‌ನ ಗೋಡೆಗೆ ಬ್ಯಾಟಿನಿಂದ ಹೊಡೆಯುತ್ತಿದ್ದ. ಬಾಲು ಟೇಬಲ್ಲುಗಳ ಕೆಳಗೆ ಹೋದರೆ ನಾನು ನುಸುಳಿ ತಂದುಕೊಡುತ್ತಿದ್ದೆ. ಒಂದು ದಿನ, "ಎತ್ಕೊಡೋದು ಸಾಕು ಕಣೇ ರತ್ನ, ಹೊಡಿ ನೋಡೋಣ," ಅಂತ ಬ್ಯಾಟು ಕೈಗಿಟ್ಟ. ಹೊಡೆದೆ. ಅವನು ಮತ್ತೆ ಕಳಿಸಿದ. ನಾನು ಮತ್ತೆ ಹೊಡೆದೆ. ಎಷ್ಟೋ ಹೊತ್ತಿನ ಮೇಲೆ ಬಾಲು ಕೆಳಗೆ ಬಿದ್ದಾಗ ಅವನು ನಗುತ್ತಿರಲಿಲ್ಲ. ಮುಂದಿನ ಖಾಲಿ ದಿನ ಬಂದು ಅಪ್ಪನ ಜೊತೆ ಸೇರಿ ಊಟದ ಟೇಬಲ್ಲುಗಳನ್ನು ಎಳೆದ.

ಕಬ್ಬಿಣದ ಕಾಲಿನ, ನುಣ್ಣನೆ ಹಲಗೆಯ ಉದ್ದ ಟೇಬಲ್ಲುಗಳು. ಎರಡನ್ನು ಪಕ್ಕಪಕ್ಕ, ಇನ್ನೆರಡನ್ನು ಅವಕ್ಕೆ ಎದುರಾಗಿ ಜೋಡಿಸಿದರೆ ಹೆಚ್ಚುಕಡಿಮೆ ಆಟದ ಟೇಬಲ್ಲಿನ ಅಳತೆ ಬರುತ್ತಿತ್ತು. ಆದರೆ ನಟ್ಟನಡುವೆ ಉದ್ದಕ್ಕೂ ಒಂದು ಸಂದು. ಎಷ್ಟು ಒತ್ತಿದರೂ ಮುಚ್ಚದ ಸಂದು, ಒಂದು ಹಲಗೆ ಇನ್ನೊಂದಕ್ಕಿಂತ ಚೂರು ಎತ್ತರ. ಬಾಲು ಅಲ್ಲಿ ಬಿದ್ದರೆ ಎಡಕ್ಕೆ ಹಾರುತ್ತೋ, ಬಲಕ್ಕೋ, ಅಲ್ಲೇ ಸತ್ತು ಮಲಗುತ್ತೋ ದೇವರೇ ಬಲ್ಲ. ಹಾಗಾಗಿ ನಾನು ಬಾಲು ಏಳುವ ತನಕ ಕಾಯುವುದನ್ನೇ ಕಲಿಯಲಿಲ್ಲ. ಟೇಬಲ್ಲಿಗೆ ಹೊಟ್ಟೆ ತಾಗುವಷ್ಟು ಹತ್ತಿರ ನಿಂತು, ಬಾಲು ಹಲಗೆ ಬಿಟ್ಟ ಮರುಕ್ಷಣವೇ, ಅದು ತನ್ನ ಬುದ್ಧಿ ತೋರಿಸುವ ಮುಂಚೆ ಹೊಡೆದುಬಿಡುತ್ತಿದ್ದೆ. ಎದುರಾಳಿಗೆ ಕೊಡುವಾಗ ಮಾತ್ರ ಸಂದಿಗೇ ಗುರಿಯಿಡುತ್ತಿದ್ದೆ. ದೊಡ್ಡ ದೊಡ್ಡ ಕ್ಯಾಂಪುಗಳಲ್ಲಿ ಕೋಚುಗಳು ಮುಂದೆ ಕೇಳಿದ್ದುಂಟು, ಇಷ್ಟು ಬೇಗ ಬಾಲು ತಗೊಳ್ಳೋದು ಯಾರು ಹೇಳಿಕೊಟ್ರು, ಮೈ ಮೇಲೆ ಹೊಡೆಯೋದು ಎಲ್ಲಿ ಕಲಿತೆ ಅಂತ. ಊಟದ ಟೇಬಲ್ಲು ಅಂದರೆ ನಂಬುತ್ತಿರಲಿಲ್ಲ.

ನೆಟ್ಟು ಒಂದು ಬೇಕಿತ್ತು. ಅದನ್ನು ಹೊಂದಿಸಿದ್ದು ಅಪ್ಪ. ಮದುವೆಯಲ್ಲಿ ಹೆಣ್ಣು ಗಂಡಿನ ಮಧ್ಯೆ ಹಿಡಿಯುವ ಅಂತರಪಟ ಇದೆಯಲ್ಲ, ಮುಹೂರ್ತದ ಹೊತ್ತಿಗೆ ಸರಿಸಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ತೆರೆ, ಅಂಥದ್ದು ಛತ್ರದಲ್ಲಿ ಎರಡಿದ್ದವು. ರೇಷ್ಮೆಯದನ್ನು ಬೀರುವಿನಲ್ಲಿಟ್ಟು ಕೇಳಿದವರಿಗೆ ಕೊಡುತ್ತಿದ್ದರು. ಇನ್ನೊಂದು ಹತ್ತಿಯದು, ಹಳದಿಗೆ ತಿರುಗಿ, ಉಗ್ರಾಣದ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಅಪ್ಪ ಛತ್ರಕ್ಕೆ ಬಂದಾಗಿನಿಂದ ಅದನ್ನು ಯಾರೂ ಕೇಳಿದ್ದಿಲ್ಲ. ನಾಲ್ಕು ಮಡಿಕೆ ಮಾಡಿ ಎರಡು ಕುರ್ಚಿಯ ಬೆನ್ನಿಗೆ ಕಟ್ಟಿದರೆ ನೆಟ್ಟಿನ ಎತ್ತರಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ಬೇರೆ ಮನೆಯಲ್ಲಾಗಿದ್ದರೆ ಹಳೇ ಸೀರೆಯೋ ಪಂಚೆಯೋ ಹರಿದು ಕಟ್ಟುತ್ತಿದ್ದರು. ಛತ್ರದಲ್ಲಿ ಬದುಕಿದವನ ಕೈ ಛತ್ರದ ಸಾಮಾನಿಗೇ ಹೋಯಿತು.

ಆಷಾಢ ಬಂತೆಂದರೆ ಊರಿಗೆಲ್ಲ ಮಂಕು, ನನಗೆ ಹಬ್ಬ. ತಿಂಗಳಿಡೀ ಒಂದು ಮದುವೆಯೂ ಇಲ್ಲ, ಹಾಲ್ ಖಾಲಿ, ಗಾಳಿಗೆ ಕಿಟಕಿ ಬಾಗಿಲು ಬಡಿದುಕೊಳ್ಳುತ್ತಿದ್ದವು. ಹೊಸದಾಗಿ ಮದುವೆಯಾದವರು ತೌರಿಗೆ ಹೋದ ಹಾಗೆ ನಾನು ಹಾಲ್‌ಗೆ ಹೋಗುತ್ತಿದ್ದೆ. ಆದರೆ ಭಯ ಬಿಡುತ್ತಿರಲಿಲ್ಲ. ಖಾಲಿ ಇದ್ದರೂ ಹಾಲ್ ನಮ್ಮ ಬಳಕೆಗಲ್ಲ ಅಂತ ಸಾಹುಕಾರರು ಅಪ್ಪನಿಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ಹಿಂದಿದ್ದವನನ್ನು ಬಿಡಿಸಿದ್ದು ಅದೇ ಕಾರಣಕ್ಕೆ, ನೆಂಟರನ್ನು ಕರೆದು ಹಾಲ್‌ನಲ್ಲಿ ಮಲಗಿಸಿದ್ದ. ಸಾಹುಕಾರರು ಬರುವುದಕ್ಕೆ ಹೊತ್ತು ಗೊತ್ತು ಅಂತ ಇರಲಿಲ್ಲ. ನನ್ನ ಒಂದು ಕಿವಿ ಬಾಲಿನ ಮೇಲೆ, ಇನ್ನೊಂದು ಕಿವಿ ಗೇಟಿನ ಮೇಲೆ. ಇವತ್ತಿಗೂ, ಐವತ್ತು ದಾಟಿ ವೆಟರನ್ಸ್ ಟೂರ್ನಮೆಂಟ್ ಆಡುವಾಗಲೂ, ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾದರೆ ನನ್ನ ಹೆಗಲು ಒಂದು ಗಳಿಗೆ ಬಿಗಿಯುತ್ತದೆ.

ಗೇಟು ಕಾಯುತ್ತಿದ್ದವಳು ಅಮ್ಮ. ಆಟ ಕಂಡರೆ ಆಗದವಳು ಆಟಕ್ಕೆ ಕಾವಲು. ಮುಂದಿನ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ಕೂರುವಳು; ಕಾರು ತಿರುವಿನಲ್ಲಿ ಕಂಡರೆ ಮೊರವನ್ನು ಜೋರಾಗಿ ಎರಡು ಸಲ ತಟ್ಟುವಳು. ಆಗ ಅಪ್ಪ ಒಂದು ಕಡೆ, ಶ್ರೀಧರಣ್ಣ ಒಂದು ಕಡೆ ಟೇಬಲ್ಲು ಎಳೆದರೆ ನಾನು ತೆರೆ ಬಿಚ್ಚಿ ಲಂಗದೊಳಗೆ ಸಿಕ್ಕಿಸಿಕೊಂಡು ಉಗ್ರಾಣಕ್ಕೆ ಓಡುತ್ತಿದ್ದೆ. ಅದಾದ ಮೇಲೆ ಮನೆಯಲ್ಲಿ ಜಗಳ.

"ಈ ಟಕಟಕ ಒಂದಿನ ನಮ್ಮನ್ನ ಬೀದೀಗೆ ತರುತ್ತೆ. ನಿನ್ ಬ್ಯಾಟು ಅನ್ನ ಹಾಕಲ್ಲ ಕಣೇ. ಒಂದು ಸಬ್ಜೆಕ್ಟು ಹೋಗ್ಲಿ, ಹಂಡೆ ಒಲೇಗೆ ಹಾಕ್ತೀನಿ."

"ಒಂದೂ ಹೋಗಿಲ್ವಲ್ಲಮ್ಮ."

"ಹೋಗ್ಲಿ ಅಂತ ಕಾಯ್ತಾ ಇವ್ನಿ," ಅನ್ನುತ್ತಿದ್ದಳು. ಹಾಗಾಗಿ ನಾನು ಉಗ್ರಾಣದ ಅಕ್ಕಿ ಮೂಟೆಗಳ ಮೇಲೆ ಕೂತು ಓದಿದೆ. ಭಯಕ್ಕೆ ಓದಿದೆ, ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಓದಿದ್ದು ಹೇಗೋ ತಲೆಗೂ ಹತ್ತಿತು.

ಹೈಸ್ಕೂಲಿನ ಕೊನೆಯ ವರ್ಷ, ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆ ಪಂದ್ಯ ಇದೆ ಅಂತ ಶ್ರೀಧರಣ್ಣ ಸುದ್ದಿ ತಂದ. ಅವನೇ ಹೆಸರು ಕೊಟ್ಟು ಬಂದಿದ್ದ. ಗೆದ್ದರೆ ಕ್ಯಾಂಪು, ನಿಜವಾದ ಟೇಬಲ್ಲು, ಕೋಚು. ಮುಂದೆ ಕಾಲೇಜು ಸೀಟಿಗೂ ದಾರಿ. ಆ ಕೊನೆಯ ಮಾತನ್ನು ಅವನು ಅಮ್ಮನ ಎದುರು ಎರಡು ಸಲ ಹೇಳಿದ. ಅಮ್ಮ ಕೇಳಿಸಿಕೊಂಡಳು. ಆಯ್ಕೆ ಬಿದ್ದದ್ದು ಶ್ರಾವಣದ ಮೊದಲ ಮುಹೂರ್ತದ ಸೋಮವಾರ. ಅವತ್ತು ಛತ್ರದಲ್ಲಿ ಮದುವೆ, ಅದೂ ಸಾಹುಕಾರರ ತಂಗಿಯ ಮಗಳದು.

ಹಿಂದಿನ ದಿನ ಭಾನುವಾರ. ಹೆಣ್ಣಿನ ಕಡೆಯವರು ಸಂಜೆ ಆರರ ಮೇಲೆ ಬರುತ್ತೇವೆ ಅಂತ ಹೇಳಿ ಕಳಿಸಿದ್ದರು. ಮಧ್ಯಾಹ್ನದ ಊಟವಾಗುತ್ತಲೇ ಶ್ರೀಧರಣ್ಣ ಲೈಟು ಸ್ಟ್ಯಾಂಡುಗಳನ್ನು ತಂದಿಟ್ಟ. "ಒಂದೇ ಒಂದು ಗೇಮು. ಬ್ಯಾಕ್‌ಹ್ಯಾಂಡ್ ನೋಡ್ಬಿಡೋಣ, ಆಮೇಲೆ ಟೇಬಲ್ ಸಾಲು ಮಾಡ್ಕೊಡ್ತೀನಿ," ಅಂದ. ಅಪ್ಪ ಸುತ್ತ ನೋಡಿ ತಲೆಯಾಡಿಸಿದ. ಹಿಂದುಗಡೆ ಅಡುಗೆಯವರು ಒಲೆ ಹೂಡುತ್ತಿದ್ದರು. ಅಮ್ಮ ಉಗ್ರಾಣದಲ್ಲಿ ಅವರಿಗೆ ಪಾತ್ರೆ ಕೊಡುತ್ತಿದ್ದಳು, ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಒಂದು ಗೇಮು ಎರಡಾಯಿತು. ಅಷ್ಟು ವರ್ಷದಲ್ಲಿ ನಿಂತುಕೊಂಡೇ ಇಣುಕಿ ಹೋಗುತ್ತಿದ್ದ ಅಪ್ಪ ಅವತ್ತು ಕುರ್ಚಿ ಎಳೆದು ಕೂತ. "ಹದಿನೆಂಟು ರತ್ನಂದು, ಹದಿನಾರು ಶ್ರೀಧರಂದು," ಅಂತ ಪಾತ್ರೆ ಎಣಿಸುವ ರಾಗದಲ್ಲೇ ಪಾಯಿಂಟು ಕೂಗತೊಡಗಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಗೇಟಿನ ಕಡೆಯ ಕಿವಿ ಮುಚ್ಚಿಹೋಯಿತು.

ಭಾನುವಾರ ರಾಹುಕಾಲ ಬರುವುದು ನಾಲ್ಕೂವರೆಯಿಂದ ಆರರ ತನಕ. ಆರಕ್ಕೆ ಛತ್ರ ಮುಟ್ಟಬೇಕಾದರೆ ಮನೆಯಿಂದ ಹೊರಗೆ ಕಾಲಿಡುವುದು ರಾಹುಕಾಲದಲ್ಲೇ ಆಗುತ್ತದೆ ಅಂತ ಸಾಹುಕಾರರ ತಾಯಿ ಕಡೆಯ ಗಳಿಗೆಯಲ್ಲಿ ತಕರಾರು ತೆಗೆದಿದ್ದರು. ಎಲ್ಲರನ್ನೂ ಎಬ್ಬಿಸಿ ನಾಲ್ಕಕ್ಕೇ ಹೊರಡಿಸಿಕೊಂಡು ಬಂದಿದ್ದರು. ಹೂವಿನ ಬುಟ್ಟಿ, ಕಳಶ, ಹಣ್ಣಿನ ತಟ್ಟೆ ಹಿಡಿದ ಹೆಂಗಸರ ಸಾಲು ಊಟದ ಹಾಲ್‌ನ ಬಾಗಿಲಿಗೆ ಬಂದು ನಿಂತಾಗ ನನ್ನ ಬ್ಯಾಟು ಮೇಲಿತ್ತು. ಬಾಲು ತೆರೆಯ ಮೇಲೆ ಹಾರಿ, ಸಂದಿಗೆ ತಾಗಿ, ಉರುಳಿಕೊಂಡು ಹೋಗಿ ಸಾಹುಕಾರರ ಕಾಲಿನ ಹತ್ತಿರ ನಿಂತಿತು.

"ಇಪ್ಪತ್ತು," ಅಂದ ಅಪ್ಪ, ಇನ್ನೂ ತಿರುಗಿ ನೋಡಿರಲಿಲ್ಲ.

"ಯಾರದು ಹನುಮಂತ, ಇಪ್ಪತ್ತು?" ಅಂದರು ಸಾಹುಕಾರರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅಪ್ಪ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಶ್ರೀಧರಣ್ಣ ಟೇಬಲ್ಲಿನ ಒಂದು ತುದಿ ಹಿಡಿದು ಎಳೆಯಲು ಹೋದ. ಸಾಹುಕಾರರು ಕೈ ಎತ್ತಿ ನಿಲ್ಲಿಸಿದರು. ಅವರ ತಾಯಿ ಮಾತ್ರ ನಮ್ಮ ಯಾರ ಕಡೆಯೂ ನೋಡಲಿಲ್ಲ. ಸೀದಾ ಟೇಬಲ್ಲಿನ ಹತ್ತಿರ ಬಂದು ಕುರ್ಚಿಯ ಗಂಟು ಬಿಚ್ಚಿ, ಮಡಿಕೆ ಒಂದೊಂದಾಗಿ ತೆಗೆದರು. ಒಳಗಿನ ಮಡಿಕೆಯಲ್ಲಿ ಮಾಸಿದ ಕುಂಕುಮದ ಸ್ವಸ್ತಿಕ ಇತ್ತು. ಹೊರಗಿನ ಮಡಿಕೆಯ ಉದ್ದಕ್ಕೂ ಬಾಲಿನ ಕೊಳೆ.

"ಇದು ನಮ್ಮನೆ ತೆರೆ," ಅಂದರು. "ಇದರ ಹಿಂದೆ ನಿಂತು ನಾನು ನಮ್ಮ ಯಜಮಾನರ ಮುಖ ಮೊದಲು ನೋಡಿದ್ದು. ಇವನದೂ ಇದರಲ್ಲೇ ಆಯ್ತು, ನನ್ನ ಮಗಳದೂ ಆಯ್ತು. ನಾಳೆಗೆ ಟ್ರಂಕಿಂದ ತೆಗೆಸಬೇಕು ಅಂತ ದಾರೀಲಿ ಹೇಳ್ಕೊಂಡು ಬಂದೆ."

ಅಪ್ಪ ಕೈ ಜೋಡಿಸಿದ. "ಅವ್ವಾರೆ, ಹಳೇದು ಅಂತ… ಯಾರೂ ಕೇಳ್ತಿರ್ಲಿಲ್ಲ ಅಂತ…"

"ಯಾರೂ ಕೇಳದೆ ಇದ್ರೆ ನಿಂದಾಗೋಯ್ತೇನೋ?" ಅಂದರು ಸಾಹುಕಾರರು. "ಹಾಲೂ ನಿಂದು, ಟೇಬಲ್ಲೂ ನಿಂದು, ನಮ್ಮಮ್ಮನ ಧಾರೆ ತೆರೆ ನಿನ್ನ ಮಗಳಿಗೆ ನೆಟ್ಟು. ಕೂತ್ಕೊಂಡು ಲೆಕ್ಕ ಬೇರೆ ಹೇಳ್ತೀಯ."

ಶ್ರೀಧರಣ್ಣ ಮುಂದೆ ಬಂದ. "ಸಾರ್, ತಪ್ಪು ನಂದು ಸಾರ್. ನಾಳೆ ಇವಳಿಗೆ ಸ್ಟೇಟ್ ಸೆಲೆಕ್ಷನ್ ಇದೆ, ಅದಕ್ಕೋಸ್ಕರ ನಾನೇ…" ಒಳ್ಳೆಯದು ಮಾಡಲು ಹೋಗಿ ಉರಿಯುವ ಬೆಂಕಿಗೆ ತಾನೇ ತುಪ್ಪ ಸುರಿದ.

"ನಾಳೆ? ನಾಳೆ ನಮ್ಮನೆ ಮದುವೆ ಅಲ್ವೇನಯ್ಯ?" ಸಾಹುಕಾರರು ನನ್ನ ಕೈಯಲ್ಲಿದ್ದ ಬ್ಯಾಟನ್ನು ಒಂದು ಸಲ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ನೋಡು ಹನುಮಂತ. ಶುಭ ಕಾರ್ಯ, ನಾನು ಬಾಯಿ ಮಾಡಲ್ಲ. ಈ ಹುಡುಗಿ ನಾಳೆ ಎಲ್ಲಿಗೂ ಹೋಗಲ್ಲ. ಬಾಗಿಲಲ್ಲಿ ನಿಂತು ಬಂದೋರಿಗೆ ಪನ್ನೀರು ಹಾಕ್ತಾಳೆ. ಇನ್ಮೇಲೆ ಈ ಆಟ ಮುಟ್ಟಲ್ಲ, ಇಲ್ಲೂ ಇಲ್ಲ ಎಲ್ಲೂ ಇಲ್ಲ. ಅಷ್ಟು ನಮ್ಮಮ್ಮನ ಕಾಲು ಮುಟ್ಟಿ ಮಾತು ಕೊಡು. ಮನೇಲಿ ಇರು, ಕೆಲಸ ನೋಡ್ಕೋ. ಇಲ್ಲ ಅಂದ್ರೆ ಮದುವೆ ಮುಗಿದ ಮೇಲೆ ಜಾಗ ಖಾಲಿ ಮಾಡು."

ಬಾಗಿಲಲ್ಲಿದ್ದ ಹೆಂಗಸರು ಕಳಶ ಹಿಡಿದುಕೊಂಡೇ ನಿಂತಿದ್ದರು. ಯಾರೋ ಒಬ್ಬರು ಗಡಿಯಾರ ನೋಡಿ ರಾಹುಕಾಲ ಬಂತು ಅಂತ ಪಿಸುಗುಟ್ಟಿದರು. ಅಪ್ಪ ಬಗ್ಗತೊಡಗಿದ. ನಮ್ಮಪ್ಪನ ಬೆನ್ನು ಬಗ್ಗುವುದು ನನಗೆ ಹೊಸದಲ್ಲ. ಕೊಪ್ಪರಿಗೆ ಎತ್ತಲು ಬಗ್ಗುತ್ತಿದ್ದ, ಟ್ಯಾಂಕಿಗೆ ಇಳಿಯಲು ಬಗ್ಗುತ್ತಿದ್ದ, ಬೈಸಿಕೊಳ್ಳಲು ಬಗ್ಗುತ್ತಿದ್ದ. ಅವನ ಮೇಲೆ ನನಗೆ ಅವತ್ತೂ ಸಿಟ್ಟು ಬರಲಿಲ್ಲ. ಮೂರು ಜನದ ತಲೆ ಮೇಲಿನ ಶೀಟು ಅವನ ಬೆನ್ನಿನ ಮೇಲೇ ನಿಂತಿತ್ತು. ಆದರೆ ಆ ಕೈ ಆ ಪಾದ ಮುಟ್ಟಿದರೆ ನನ್ನ ಆಟ ಮುಗಿಯಿತು ಅಂತ ಗೊತ್ತಿತ್ತು, ಯಾಕೆಂದರೆ ಅಪ್ಪ ಕೊಟ್ಟ ಮಾತು ತಪ್ಪುವವನಲ್ಲ. ಕೂಗಬೇಕು ಅನ್ನಿಸಿತು.

"ನಿಂತ್ಕಳಿ," ಅಂತ ಹಿಂದಿನಿಂದ ಕೇಳಿತು.

ಅಮ್ಮ ಉಗ್ರಾಣದ ಬಾಗಿಲಲ್ಲಿ ನಿಂತಿದ್ದಳು. ಕೈ ಒದ್ದೆ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ಗೊತ್ತಿಲ್ಲ. ಅಪ್ಪನ ಪಕ್ಕದಿಂದ ಹಾದು ಬಂದು, ಸೆರಗು ಬಿಚ್ಚಿ ಹೊದ್ದುಕೊಂಡು, ತಾನೇ ಆ ಹಿರಿಯಮ್ಮನ ಕಾಲಿಗೆ ಹಣೆ ಹಚ್ಚಿ ಎದ್ದಳು.

"ಅವ್ವಾರೆ, ಬಟ್ಟೆ ತಪ್ಪು ನಮ್ದು. ಮುತ್ತೈದೆ ಸಾಮಾನು ಅಂತ ಗೊತ್ತಿದ್ದೂ ಕಣ್ಮುಂದೆ ಕಟ್ಟಿದ್ರೆ ನೋಡ್ಕೊಂಡಿದ್ದೆ. ಅದಕ್ಕೆ ಇನ್ನೂ ಹತ್ತು ಸಲ ಕಾಲು ಹಿಡಿ ಅಂದ್ರೂ ಹಿಡೀತೀನಿ." ಆಮೇಲೆ ಸಾಹುಕಾರರ ಕಡೆ ತಿರುಗಿದಳು. ಅಲ್ಲಿಯವರೆಗೆ ಅಮ್ಮ ಅವರ ಜೊತೆ ನೇರ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಆಟದ ಮಾತು ಮಾತ್ರ ನೀವು ಎತ್ಬೇಡಿ. ಸಂಬಳ ಕೊಡ್ತಿರೋದು ಇವರಿಗೆ. ಇವಳು ನಿಮ್ ಸಂಬಳದೋಳಲ್ಲ. ಆಡು ಅನ್ನೋದಕ್ಕೂ ಬಿಡು ಅನ್ನೋದಕ್ಕೂ ನಾನಿದೀನಿ."

"ಗೌರಮ್ಮ, ಏನು ಮಾತಾಡ್ತಿದೀಯ ಅಂತ ಗೊತ್ತಾ?"

"ಗೊತ್ತೈತೆ. ಮದುವೆ ಮುಗಿಯೋ ತನಕ ಒಂದು ಲೋಟ ಹೆಚ್ಚುಕಮ್ಮಿ ಆಗ್ದಂಗೆ ಮಾಡ್ಕೊಡ್ತೀವಿ. ಆಮೇಲೆ ಬೀಗದ ಕೈ ನಿಮ್ ಕೈಗೆ."

ಅಪ್ಪ ಅರ್ಧ ಬಗ್ಗಿದವನು ಹಾಗೆಯೇ ಇದ್ದ. ನೆಟ್ಟಗಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಹಿರಿಯಮ್ಮ ತೆರೆಯನ್ನು ಮಡಚಿಕೊಂಡು ಹೋಗಿ, ಯಾರ ಕೈಗೂ ಕೊಡದೆ, ತಾವೇ ಬಚ್ಚಲಿನಲ್ಲಿ ಒಗೆದು ಹರವಿದರಂತೆ. ಮರುದಿನ ಧಾರೆಗೆ ಹಿಡಿದದ್ದು ಅದನ್ನೇ. ಅಂದರೆ ಬಟ್ಟೆಯ ಕೊಳೆ ಹೋಯಿತು. ಅಮ್ಮ ಆಡಿದ ಮಾತು ಹೋಗಲಿಲ್ಲ. ಸಾಹುಕಾರರು ಹೇಳಿದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತಗೊಳ್ಳಲಿಲ್ಲ. ಅವರು ಕೆಟ್ಟವರು ಅಂತ ನಾನು ಬರೆಯಲಾರೆ. ನನ್ನ ಹೈಸ್ಕೂಲಿನ ಪುಸ್ತಕಗಳನ್ನು ಕೊಡಿಸಿದ್ದವರು ಅವರೇ. ಅದಕ್ಕೇ ಇರಬೇಕು, ನನ್ನನ್ನೂ ಕೊಂಡಿದ್ದೇನೆ ಅಂದುಕೊಂಡಿದ್ದರು.

ಸೋಮವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ದನಿ ತಗ್ಗಿಸಿ ಜಗಳವಾಡುತ್ತಿದ್ದರು. ಹೊರಗಿನ ವಾಲಗದ ಸದ್ದಿನಲ್ಲಿ ಅರ್ಧ ಮಾತು ಮುಚ್ಚಿಹೋಗುತ್ತಿತ್ತು.

"ಎಲ್ಲಿಗೆ ಹೋಗದೇ? ಹೇಳು, ಎಲ್ಲಿಗೆ? ಒಂದು ಮಾತು ಕೊಟ್ಟು ಸುಮ್ನಿದ್ರೆ ಆಗ್ತಿತ್ತು."

"ನೀನು ಕೊಟ್ರೆ ಸುಮ್ನಿರೋನಲ್ಲ. ಸಾಯೋಗಂಟ ಕಾಯ್ತಿದ್ದೆ ಅದನ್ನ."

"ನಿಂಗೂ ಆಟ ಕಂಡ್ರಾಗಲ್ಲ! ದಿನಾ ಒಲೇಗೆ ಹಾಕ್ತೀನಿ ಅಂತಿದ್ದೋಳು ನೀನೇ ಅಲ್ವಾ?"

"ನಾನು ಹಾಕೋದು ಬ್ಯಾರೆ," ಅಂದಳು ಅಮ್ಮ. ನನ್ನ ಕಡೆ ತಿರುಗಿ, "ನೀನೇನು ನೋಡ್ತೀಯ? ಚಿತ್ರಾನ್ನ ತಿಂದು ಹೊರಡು. ಹಿಂದಿನ ಗೇಟಲ್ಲಿ ಹೋಗು, ಮುಂದೆ ಅವರು ನಿಂತವ್ರೆ," ಅಂದಳು.

ಶ್ರೀಧರಣ್ಣನಿಗೆ ಮದುವೆಯ ಫೋಟೋ, ಬರುವ ಹಾಗಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿದೆ. ಗಟ್ಟಿಮೇಳ ಬಾರಿಸಿದ್ದು ಬಸ್ ಸ್ಟಾಪಿನ ತನಕ ಕೇಳಿಸಿತು. ಹೆಣ್ಣು ಗಂಡು ಮುಖ ನೋಡಿಕೊಂಡರು, ಅಪ್ಪ ಎಲ್ಲೋ ಮೂಲೆಯಲ್ಲಿ ನಿಂತು ಅಕ್ಷತೆ ತಟ್ಟೆ ಹಂಚುತ್ತಿರುತ್ತಾನೆ ಅಂದುಕೊಂಡೆ. ನಮ್ಮ ಮನೆಯನ್ನು ಜೇಬಿನಲ್ಲಿಟ್ಟುಕೊಂಡು ಆಡಲು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಸೋತರೆ ಆ ಮನೆ ಬಿಟ್ಟದ್ದೂ ದಂಡ.

ಆ ಒಳ ಕ್ರೀಡಾಂಗಣದಲ್ಲಿ ನಾನು ಮೊದಲ ಸಲ ನಿಜವಾದ ಟೇಬಲ್ಲು ನೋಡಿದೆ. ಹಸಿರು, ಗಾಜಿನ ಹಾಗೆ ಸಮ. ಕೈಯಿಂದ ಸವರಿದೆ, ಎಲ್ಲೂ ಸಂದಿಲ್ಲ. ಎದುರಿಗೆ ಬಂದವಳು ನನ್ನ ವಯಸ್ಸಿನವಳೇ, ಬಿಳಿ ಸ್ಕರ್ಟು, ಬಿಳಿ ಶೂ. ನನ್ನದು ಸ್ಕೂಲಿನ ಕ್ಯಾನ್ವಾಸ್ ಶೂ. ಮೊದಲ ಗೇಮು ನಾನೇ ತಗೊಂಡೆ. ನಾನು ಹೊಡೆಯುವ ವೇಗಕ್ಕೆ ಅವಳಿಗೆ ಕಾಲು ಎತ್ತಲು ಹೊತ್ತು ಸಿಗಲಿಲ್ಲ. ಎರಡನೆಯದರಲ್ಲಿ ಅವಳು ಒಂದು ವಿಷಯ ಕಂಡುಹಿಡಿದಳು. ಮಧ್ಯಕ್ಕೆ ಬಿದ್ದ ಬಾಲನ್ನು ನಾನು ನಂಬುವುದಿಲ್ಲ. ಅದು ನೇರವಾಗಿ ಎದ್ದು ಬಂದರೂ, ಪಕ್ಕಕ್ಕೆ ಹಾರುತ್ತದೆ ಅಂತ ನನ್ನ ಮೈ ಮೊದಲೇ ವಾಲುತ್ತದೆ. ಆಮೇಲೆ ಅವಳು ಬೇರೆ ಕಡೆ ಹೊಡೆಯಲೇ ಇಲ್ಲ. ಇಲ್ಲಿ ಸಂದಿಲ್ಲ, ಇಲ್ಲಿ ಸಂದಿಲ್ಲ ಅಂತ ನಾನು ಹೇಳಿಕೊಳ್ಳುತ್ತಲೇ ಇದ್ದೆ. ಮೈಗೆ ಕೇಳಿಸುತ್ತಿರಲಿಲ್ಲ. ಮೂರನೇ ಗೇಮಿನಲ್ಲಿ ಇಪ್ಪತ್ತು ಇಪ್ಪತ್ತು ಆಯಿತು, ಇಪ್ಪತ್ತೊಂದು ಇಪ್ಪತ್ತೊಂದು ಆಯಿತು, ಆಮೇಲೆ ಎರಡು ಬಾಲು, ಎರಡೂ ನಟ್ಟನಡುವೆ. ಅಂಪೈರು ಅವಳ ಕಡೆ ಕೈ ತೋರಿಸಿದರು. ಒಂದೇ ಮ್ಯಾಚು. ಮೊದಲ ಸುತ್ತು.

ವಾಪಸ್ ಬಂದಾಗ ಛತ್ರದಲ್ಲಿ ಕೊನೆ ಪಂಕ್ತಿ ಎದ್ದಿತ್ತು. ಹಿಂದಿನ ಗೇಟಿನ ಹತ್ತಿರ ಎಂಜಲೆಲೆಯ ಗುಡ್ಡೆ, ಅದರ ಮೇಲೆ ಹಸುಗಳು. ಅಪ್ಪ ತೊಟ್ಟಿಯ ಪಕ್ಕ ಕೂತು ಕೊಳಗ ಎಣಿಸಿ ಅಡುಗೆಯವರಿಂದ ತಗೊಳ್ಳುತ್ತಿದ್ದ. ನನ್ನನ್ನು ನೋಡಿದ, ಎಣಿಕೆ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದ. ಒಳಗೆ ಅಮ್ಮ ಸಾಮಾನು ಕಟ್ಟುತ್ತಿದ್ದಳು. ಗೋಡೆ ಮೇಲಿನ ದೇವರ ಪಟಗಳು ಇಳಿದು ಸೀರೆಯಲ್ಲಿ ಸುತ್ತಿಕೊಂಡಿದ್ದವು. ಪಟ ಇದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ ಕಾಣುತ್ತಿತ್ತು.

"ಏನಾಯ್ತು?" ಅಂದಳು, ತಲೆ ಎತ್ತದೆ.

"ಸೋತೆ."

ಅವಳ ಕೈ ಹಗ್ಗದ ಮೇಲೆ ನಿಂತಿತು. ಬೈಯುತ್ತಾಳೆ, ಬೈಯಲಿ ಅಂತ ಕಾದೆ. ನನ್ನ ಒಂದು ಮ್ಯಾಚಿಗೆ ಅವಳು ಮನೆ ಬಿಟ್ಟುಕೊಟ್ಟಿದ್ದಳು, ನಾನು ಅದನ್ನು ಒಂದು ಗಂಟೆಯೂ ಹಿಡಿದುಕೊಳ್ಳಲು ಆಗದೆ ಬಂದಿದ್ದೆ.

ಅವಳು ಗಂಟನ್ನು ಎಳೆದು ಬಿಗಿ ಮಾಡಿದಳು.

"ಗೋವಿಂದರಾಜನಗರದಲ್ಲಿ ಒಂದು ರೂಮು ಐತಂತೆ, ಪಾತ್ರೆ ಅಂಗಡಿಯೋನು ಹೇಳ್ದ. ನಲ್ಲಿ ಹೊರಗಡೆ. ನಿಮ್ಮಪ್ಪಂಗೆ ಅವನ ಹತ್ರನೇ ಕೆಲಸ." ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. "ಇನ್ಯಾವಾಗ ಐತೆ?"

"ಏನು?"

"ಅದೇ. ನಿಂದು. ಮತ್ತೆ ಮಾಡ್ತಾರಲ್ಲ, ಯಾವಾಗ?"

"ಮುಂದಿನ ವರ್ಷ."

"ಹಂಗಾದ್ರೆ ಯಾಕೆ ಹೆಣ ಬಿದ್ದೋರ ಮನೇಲಿ ನಿಂತಂಗೆ ನಿಂತಿದ್ದೀಯ? ಬಾ, ಈ ಟ್ರಂಕು ಆ ಕಡೆ ಹಿಡ್ಕೋ."

ಹಿಡಿದುಕೊಂಡೆ. ಭಾರವಿತ್ತು. ಇಬ್ಬರೂ ಅಡ್ಡಡ್ಡ ಹೆಜ್ಜೆ ಇಡುತ್ತಾ, ಬಾಗಿಲಲ್ಲಿ ಒಂದು ಸಲ ಸಿಕ್ಕಿಹಾಕಿಕೊಂಡು, ಅದನ್ನು ಹೊರಗೆ ತಂದಿಟ್ಟೆವು.